40 ಮೊಟ್ಟೆ ಇಟ್ರೆ 9 ಮರಿ: ತಪ್ಪು ಮೆಷಿನ್ದಾ, ಮೊಟ್ಟೇದಾ?

ಪ್ರಶ್ನೆ: ಸರ್, ನಮ್ದು ಹಿರಿಯೂರು ಹತ್ರ ಒಂದು ಹಳ್ಳಿ. ಮನೇಲಿ 6 ನಾಟಿ ಹೇಟೆ, 1 ಹುಂಜ ಇದಾವೆ. ಆನ್‌ಲೈನಲ್ಲಿ 48 ಮೊಟ್ಟೆ ಹಿಡಿಯೋ ಫ್ಯಾನ್ ಇರೋ ಇನ್‌ಕ್ಯುಬೇಟರ್ (ಕಾವು ಕೊಟ್ಟು ಮರಿ ಮಾಡೋ ಮೆಷಿನ್) ತರಿಸಿ ಏಪ್ರಿಲ್‌ನಲ್ಲಿ 40 ಮೊಟ್ಟೆ ಇಟ್ಟೆ. ಎಲ್ಲಾ ನಮ್ಮನೆ ಮೊಟ್ಟೆನೇ, ಸ್ಟೀಲ್ ಡಬ್ಬೀಲಿ ಕೂಡಿಡ್ತಾ ಬಂದಿದ್ದೆ. ಮೆಷಿನ್ನು ಶೀಟ್ ಹಾಕಿರೋ ರೂಮಲ್ಲಿತ್ತು, ಬೆಳಗ್ಗೆ ಸಂಜೆ ನೋಡ್ದಾಗೆಲ್ಲ ಡಿಸ್‌ಪ್ಲೇಲಿ 37.8 ತೋರಿಸ್ತಿತ್ತು. 19ನೇ ದಿನ ಸಂಜೆನೇ ಮರಿ ಒಡೆಯೋಕೆ ಶುರು ಆಯ್ತು, ನಾನು ಮುಚ್ಚಳ ತೆಗೆದು ತೆಗೆದು ಒಣಗಿದ ಮರಿ ಎತ್ತಿಡ್ತಿದ್ದೆ. ಕೊನೆಗೆ ಸಿಕ್ಕಿದ್ದು 9. ಉಳಿದಿದ್ದು ಒಡೆದು ನೋಡಿದ್ರೆ 12ರಲ್ಲಿ ಬರೀ ಹಳದಿ, 4 ಕೊಳೆತಿದ್ವು, 15ರಲ್ಲಿ ಪೂರ್ತಿ ಬೆಳೆದ ಮರಿ ಸತ್ತಿತ್ತು, ಅದ್ರಲ್ಲಿ ಕೆಲವು ಚಿಪ್ಪಿಗೆ ತೂತು ಹಾಕಿ ಅಲ್ಲೇ ನಿಂತಿದ್ವು. ಅಜ್ಜಿ "ಹೇಟೆ ಕೆಳಗೆ ಇಟ್ಟಿದ್ರೆ ಎಲ್ಲಾ ಆಗಿರೋದು" ಅಂತ ದಿನಾ ಬೈತಾರೆ. ಮೆಷಿನ್ ಮಾರಿಬಿಡ್ಲಾ? ಮೆಷಿನ್ ಮರೀನ ಹೇಟೆ ಜೊತೆ ಬಿಡಬಹುದಾ? ಇನ್ನೊಂದು, ಚೂಪಾಗಿರೋ ಮೊಟ್ಟೇಲಿ ಹುಂಜಾನೇ ಬರುತ್ತೆ ಅಂತಾರಲ್ಲ, ನಿಜಾನಾ?

ಉತ್ತರ: ಮರಿ ಬರದೇ ಇರೋ ಮೊಟ್ಟೆನ ತಿಪ್ಪೆಗೆ ಎಸೆಯದೆ ಒಡೆದು ಎಣಿಸಿ ಬರ್ದಿದ್ದೀರಲ್ಲ, ಅದಕ್ಕೇ ಇಷ್ಟುದ್ದ ಉತ್ತರ ಬರೀತಿದೀನಿ. ಮುಕ್ಕಾಲು ಜನ "ಮರಿ ಆಗ್ಲಿಲ್ಲ, ಮೆಷಿನ್ ಸರಿ ಇಲ್ಲ" ಅಂತಷ್ಟೇ ಹೇಳ್ತಾರೆ, ಆಗ ನಾವು ಕೂತಲ್ಲೇ ಊಹೆ ಮಾಡ್ಬೇಕು. ನಿಮ್ಮ 12, 4, 15 ಅನ್ನೋ ಲೆಕ್ಕದಲ್ಲಿ ಅರ್ಧ ಉತ್ತರ ಇದೆ, ಇನ್ನರ್ಧ ಆ ಸ್ಟೀಲ್ ಡಬ್ಬಿ ಮತ್ತೆ ಶೀಟ್ ರೂಮಲ್ಲಿದೆ. ಮೆಷಿನ್ ಮಾರ್ಬೇಡಿ, ಅದ್ರ ತಪ್ಪು ಇಲ್ಲಿ ಕಮ್ಮಿ.

ಮೊದ್ಲು ಆ 12 ಮೊಟ್ಟೆ ವಿಷ್ಯ. 6 ಹೇಟೆಗೆ 1 ಹುಂಜ ಅಂದ್ರೆ ಧಾರಾಳ ಆಯ್ತು, 8-10 ಹೇಟೆಗೆ ಒಂದು ಹುಂಜ ಸಾಕು, ಹಾಗಾಗಿ ಹುಂಜ ಮೆಟ್ಟಿಲ್ಲ ಅನ್ನೋ ಅನುಮಾನ ನನಗೆ ಅಷ್ಟಾಗಿ ಬರ್ತಿಲ್ಲ. ಆದ್ರೂ ಒಂದ್ಸಲ ಪರೀಕ್ಷೆ ಮಾಡ್ಕೊಳ್ಳಿ, ಖರ್ಚೇನಿಲ್ಲ. ಮುಂದಿನ ಸಲ ಆಮ್ಲೆಟ್‌ಗೆ ಒಡೆಯೋವಾಗ ಅವತ್ತಿನ ನಾಲ್ಕೈದು ಮೊಟ್ಟೆನ ಒಂದೊಂದಾಗಿ ಬಿಳಿ ತಟ್ಟೆಗೆ ನಿಧಾನಕ್ಕೆ ಬಿಡಿ. ಹಳದಿ ಮೇಲೆ ಒಂದು ಸಣ್ಣ ಬಿಳಿ ಚುಕ್ಕಿ ಎಲ್ಲಾ ಮೊಟ್ಟೇಲೂ ಇದ್ದೇ ಇರುತ್ತೆ, ಕೆಳಗಡೆ ಇದ್ರೆ ಚಮಚದಲ್ಲಿ ಹಳದೀನ ಹೊರಳಿಸಿ ನೋಡಿ. ಹುಂಜ ಮೆಟ್ಟದೇ ಇರೋದ್ರಲ್ಲಿ ಅದು ಗಟ್ಟಿ ಬಿಳಿ, ಅಂಚು ಒರಟು, ತುಂಬಾ ಚಿಕ್ಕದು. ಮೆಟ್ಟಿರೋದ್ರಲ್ಲಿ ಚುಕ್ಕಿ ಸ್ವಲ್ಪ ಅಗಲ, ಸುಮಾರು 4 ಮಿಲಿಮೀಟರ್ ಇರುತ್ತೆ, ಮಧ್ಯ ತಿಳಿಯಾಗಿ ಸುತ್ತ ಬಿಳಿ ಉಂಗುರ ಕಟ್ಟಿರುತ್ತೆ. ಒಂದೆರಡು ಸಲ ಪಕ್ಕಪಕ್ಕ ಇಟ್ಟು ನೋಡಿದ್ರೆ ಕಣ್ಣಿಗೆ ಅಭ್ಯಾಸ ಆಗುತ್ತೆ. ಐದಕ್ಕೆ ನಾಲ್ಕರಲ್ಲಿ ಉಂಗುರ ಇದ್ರೆ ನಿಮ್ಮ ಹುಂಜ ಕೆಲ್ಸ ಮಾಡ್ತಿದೆ ಅಂತ ಅರ್ಥ. ಅಂಗಡಿ ಬಿಳಿ ಮೊಟ್ಟೆ ಇಟ್ಟು ನೋಡೋಣ ಅನ್ನೋ ಯೋಚನೆ ಏನಾದ್ರೂ ಇದ್ರೆ ಬಿಡಿ, ಬರೀ ಮೊಟ್ಟೆಗೆ ಅಂತ ಕೋಳಿ ಸಾಕೋ ಲೇಯರ್ ಫಾರಂನಲ್ಲಿ ಹುಂಜಾನೇ ಸಾಕಲ್ಲ, ಅದ್ರಲ್ಲಿ ಮರಿ ಎಲ್ಲಿಂದ ಬರ್ಬೇಕು.

ಹುಂಜ ಸರಿ ಇದೆ ಅಂತಾದ್ರೆ ಆ 12 ಖಾಲಿ ಮೊಟ್ಟೆ ಯಾಕೆ? ಲೆಕ್ಕ ಹಾಕಿ. ನಾಟಿ ಹೇಟೆ ದಿನಾ ಇಡಲ್ಲ, ಆರೂ ಒಟ್ಟಿಗೆ ಇಡೋದೂ ಅಪರೂಪ, ದಿನಕ್ಕೆ ಮೂರು ಸಿಕ್ರೆ ಹೆಚ್ಚು. ಅಂದ್ರೆ 40 ಮೊಟ್ಟೆ ಕೂಡೋಕೆ ಕಮ್ಮಿ ಅಂದ್ರೂ ಎರಡು ವಾರ ಬೇಕು. ಮೊದ್ಲು ಇಟ್ಟ ಮೊಟ್ಟೆ ಹದಿನಾಲ್ಕು ದಿನ ಸ್ಟೀಲ್ ಡಬ್ಬೀಲಿ, ಅದೂ ಹಿರಿಯೂರು ಏಪ್ರಿಲ್ ಬಿಸಿಲಲ್ಲಿ. ಜನಕ್ಕೆ ಗೊತ್ತಿಲ್ದೇ ಇರೋದು ಏನಂದ್ರೆ ಮೊಟ್ಟೆ ಒಳಗಿನ ಜೀವ ಬೆಳೆಯೋಕೆ 37 ಡಿಗ್ರಿನೇ ಬೇಕು ಅಂತಿಲ್ಲ, ಸುಮಾರು 21 ಡಿಗ್ರಿ ದಾಟಿದ್ರೆ ಸಾಕು ಅದು ನಿಧಾನಕ್ಕೆ ಶುರು ಹಚ್ಕೊಳ್ಳುತ್ತೆ. 34-36 ಡಿಗ್ರಿ ರೂಮಲ್ಲಿ ಹಗಲು ಒಂಚೂರು ಬೆಳೆಯುತ್ತೆ, ರಾತ್ರಿ ನಿಧಾನ ಆಗುತ್ತೆ, ಮತ್ತೆ ಹಗಲು ಬೆಳೆಯುತ್ತೆ, ಹೀಗೆ ಅರೆಬರೆ ಬೆಳೆದು ಸುಸ್ತಾಗಿ ಸಾಯುತ್ತೆ. ಅಷ್ಟು ಚಿಕ್ಕದ್ರಲ್ಲೇ ಸತ್ತಿದ್ದು 21 ದಿನ ಆದ್ಮೇಲೆ ಒಡೆದು ನೋಡಿದ್ರೆ ಕಣ್ಣಿಗೆ ಕಾಣೋದೇ ಇಲ್ಲ, ಬರೀ ಹಳದಿ ಅನ್ಸುತ್ತೆ. ನನ್ನ ಪ್ರಕಾರ ನಿಮ್ಮ 12ರಲ್ಲಿ ಹೆಚ್ಚಿನವು ಮೆಷಿನ್ ಒಳಗೆ ಹೋಗೋಕೆ ಮುಂಚೆನೇ ಮುಗ್ದಿದ್ವು. ಇದಕ್ಕೆ ಎಷ್ಟು ದುಬಾರಿ ಮೆಷಿನ್ ತಂದ್ರೂ ಅಷ್ಟೇ.

ಅದಕ್ಕೇ ಮೆಷಿನ್ 48ರದ್ದು ಅಂತ 48 ತುಂಬಿಸೋ ಆಸೆ ಬೇಡ. 5 ದಿನದ ಮೊಟ್ಟೆ ಎಷ್ಟಿದೆಯೋ ಅಷ್ಟೇ ಇಡಿ, ನಿಮಗೆ 12-15 ಸಿಗುತ್ತೆ, ಸಾಕು. ಚಳಿಗಾಲದಲ್ಲಾದ್ರೆ 7 ದಿನದವರೆಗೂ ನಡೆಯುತ್ತೆ. ಕೂಡಿಡೋಕೆ ಸ್ಟೀಲ್ ಡಬ್ಬಿ ಬಿಟ್ಟು ಮಣ್ಣಿನ ಮಡಕೆ ತಗೊಳ್ಳಿ, ಅದ್ರ ಅರ್ಧಕ್ಕೆ ಮರಳು ಹಾಕಿ ನೀರು ಚಿಮುಕಿಸಿ, ಮರಳಿನ ಮೇಲೆ ಒಂದು ಸಣ್ಣ ಪುಟ್ಟಿ ಇಟ್ಟು ಅದ್ರಲ್ಲಿ ಮೊಟ್ಟೆ ಚೂಪು ತುದಿ ಕೆಳಗೆ ಮಾಡಿ ನಿಲ್ಸಿ, ಮೇಲೆ ಒದ್ದೆ ಗೋಣಿ ತುಂಡು ಮುಚ್ಚಿ, ಮನೆ ಒಳಗೆ ಕತ್ತಲೆ ಮೂಲೇಲಿ ಇಡಿ. ಮೊಟ್ಟೆಗೆ ನೀರು ತಾಗಬಾರ್ದು. ಫ್ರಿಜ್ ಕೇಳ್ತೀರ ಅಂತ ಗೊತ್ತು. ಫ್ರಿಜ್ಜಲ್ಲಿಟ್ರೆ ಎಲ್ಲಾ ಸತ್ತೇ ಹೋಗುತ್ತೆ ಅಂತಲ್ಲ, ಆದ್ರೆ 4-5 ಡಿಗ್ರಿ ತುಂಬಾ ಥಂಡಿ, ಮರಿ ಆಗೋದು ಕಮ್ಮಿ ಆಗುತ್ತೆ, ಮೇಲಿಂದ ಹೊರಗೆ ತೆಗೆದ ಕೂಡ್ಲೇ ಚಿಪ್ಪು ಬೆವರುತ್ತೆ, ಆ ಬೆವರಿನ ಜೊತೆ ಕೊಳೆ ಒಳಗೆ ಹೋಗುತ್ತೆ. ಮರಿ ಮಾಡಿ ಮಾರೋ ಹ್ಯಾಚರಿಯವರು 15-18 ಡಿಗ್ರಿ ಕೋಲ್ಡ್ ರೂಮ್ ಇಟ್ಕೋತಾರೆ, ನಮಗೆ ಮಡಕೆನೇ ಅದು.

ಆ ಕೊಳೆತ 4 ಮೊಟ್ಟೆ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಹೊಲಸು ಅಂಟಿದ ಮೊಟ್ಟೆ, ಕಣ್ಣಿಗೆ ಕಾಣದ ಬಿರುಕು ಇರೋ ಮೊಟ್ಟೆ ಒಳಗೆ ಹೋಗಿದ್ರೆ ಹಾಗಾಗುತ್ತೆ. ತೊಳೆದು ಇಡೋದು ಇದಕ್ಕೆ ಪರಿಹಾರ ಅಲ್ಲ, ಚಿಪ್ಪಿನ ಮೇಲೆ ಹೇಟೆ ಕೊಟ್ಟಿರೋ ತೆಳು ಲೇಪ ಹೋಗಿಬಿಡುತ್ತೆ, ಆಮೇಲೆ ತೂತುಗಳೆಲ್ಲ ಬಾಯಿ ಬಿಟ್ಕೊಂಡಂಗೆ. ಗೂಡಿಗೆ ಹೊಸ ಹುಲ್ಲು ಹಾಕಿ, ಹೊಲಸಾಗಿರೋದನ್ನ ತಿನ್ನೋಕೆ ಬಳಸಿ, ಚೊಕ್ಕ ಇರೋದನ್ನ ಇಡಿ. 7ನೇ ದಿನ ರಾತ್ರಿ ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆ ದಪ್ಪ ತುದಿ ಇಟ್ಟು ನೋಡಿ, ಜೇಡರ ಬಲೆ ತರ ಕೆಂಪು ನರ ಹರಡಿದ್ರೆ ಜೀವ ಇದೆ, ಪೂರ್ತಿ ತಿಳಿಯಾಗಿದ್ರೆ ಏನೂ ಇಲ್ಲ, ನರ ಇಲ್ದೆ ಬರೀ ಒಂದು ಕೆಂಪು ಬಳೆ ಕಂಡ್ರೆ ಬೆಳೆದು ಸತ್ತಿದೆ. ಎರಡನ್ನೂ ಆಗ್ಲೇ ತೆಗೆದುಬಿಟ್ರೆ ಕೊಳೆತು ಒಡೆದು ಉಳಿದಿದ್ದನ್ನ ಕೆಡಿಸೋದು ತಪ್ಪುತ್ತೆ.

ಈಗ ಆ 15, ಪೂರ್ತಿ ಬೆಳೆದು ಒಳಗೇ ಸತ್ತಿದ್ದು. ಇದೇ ನಿಜವಾದ ನಷ್ಟ, ಯಾಕಂದ್ರೆ ಇವು 19 ದಿನ ಚೆನ್ನಾಗೇ ಇದ್ವು.

ಕೋಳಿ ಮರಿಗೆ 21 ದಿನ. ನಿಮ್ಮದು 19ನೇ ದಿನ ಸಂಜೆನೇ ಒಡೆಯೋಕೆ ಶುರುವಾಯ್ತು ಅಂದ್ರಲ್ಲ, ಅದೇ ಸಾಕ್ಷಿ. ಶಾಖ ಜಾಸ್ತಿ ಆದ್ರೆ ಮರಿ ಬೇಗ ಬರುತ್ತೆ, ಕಮ್ಮಿ ಆದ್ರೆ 22-23ಕ್ಕೆ ಎಳೆಯುತ್ತೆ, ಈ ಒಂದು ವಿಷ್ಯದಲ್ಲಿ ಮೊಟ್ಟೆ ನಿಮ್ಮ ಡಿಸ್‌ಪ್ಲೇಗಿಂತ ನಿಯತ್ತು. ಫ್ಯಾನ್ ಇರೋ ಮೆಷಿನ್‌ಗೆ 37.5 ಇರ್ಬೇಕು, ಫ್ಯಾನ್ ಇಲ್ದಿದ್ರೆ ಮೊಟ್ಟೆ ಮೇಲ್ಭಾಗದ ಮಟ್ಟದಲ್ಲಿ 38.5ರ ಆಸುಪಾಸು. ನೀವು ಬೆಳಗ್ಗೆ ಸಂಜೆ ನೋಡಿದ್ದು 37.8, ಅದೇ ಚೂರು ಜಾಸ್ತಿ, ಆದ್ರೆ ಮಧ್ಯಾಹ್ನ ಎರಡು ಗಂಟೆಗೆ ಯಾರು ನೋಡಿದ್ರು? ಮೆಷಿನ್ ಒಳಗೆ ಬಿಸಿ ಮಾಡೋ ಕಾಯಿಲ್ ಇದೆ, ತಣ್ಣಗೆ ಮಾಡೋದು ಏನೂ ಇಲ್ಲ. ಶೀಟ್ ರೂಮು ಮಧ್ಯಾಹ್ನ 39-40 ಆದ್ರೆ ಥರ್ಮೋಸ್ಟಾಟ್ ಹೀಟರ್ ಆಫ್ ಮಾಡಿ ಸುಮ್ನೆ ಕೂರುತ್ತೆ, ಅಷ್ಟೇ ಅದ್ರ ಕೈಲಾಗೋದು. ಅದ್ರ ಜೊತೆಗೆ ಎರಡನೇ ವಾರ ಕಳೆದ ಮೇಲೆ ಮರಿಗಳೇ ಒಳಗೆ ಶಾಖ ಹುಟ್ಟಿಸ್ತವೆ, ಇಪ್ಪತ್ತು ಇಪ್ಪತ್ತೈದು ಜೀವ ಒಂದೇ ಡಬ್ಬೀಲಿ. ಮೊಟ್ಟೆ ಥಂಡಿ ತಡ್ಕೊಳ್ಳುತ್ತೆ, ಬಿಸಿ ತಡ್ಕೊಳ್ಳಲ್ಲ, ಎರಡು ಮೂರು ಗಂಟೆ ಕರೆಂಟ್ ಹೋದ್ರೂ ಮರಿ ಬದುಕುತ್ತೆ, ಆದ್ರೆ ಅದೇ ಎರಡು ಮೂರು ಗಂಟೆ 40-41 ಆದ್ರೆ ಉಳಿಯೋದು ಕಷ್ಟ, ಉಳಿದ್ರೂ ಹೊಕ್ಕಳು ಸರಿಯಾಗಿ ಮುಚ್ಚಿರಲ್ಲ, ಕಾಲು ಸೊಟ್ಟ, ಎರಡು ದಿನಕ್ಕೆ ಹೋಗುತ್ತೆ.

ಒಂದು ಉಪಾಯ ಹೇಳ್ತೀನಿ. ಮನೇಲಿ ಹಳೇ ಪಾದರಸದ ಜ್ವರ ನೋಡೋ ಥರ್ಮಾಮೀಟರ್ ಇದ್ರೆ ಅದನ್ನ ಚೆನ್ನಾಗಿ ಒದರಿ ಕೆಳಗಿಳಿಸಿ ಮೊಟ್ಟೆಗಳ ಮೇಲೆ ಮಲಗಿಸಿ ಬಿಡಿ, ಸಂಜೆ ತೆಗೆದು ನೋಡಿ. ಅದ್ರ ಪಾದರಸ ಮೇಲೆ ಹೋದ್ರೆ ತಾನಾಗೇ ಇಳಿಯಲ್ಲ, ಹಾಗಾಗಿ ಇಡೀ ದಿನದಲ್ಲಿ ಅತಿ ಹೆಚ್ಚು ಎಷ್ಟು ಆಗಿತ್ತು ಅಂತ ಅದು ಹಿಡಿದಿಟ್ಕೊಂಡಿರುತ್ತೆ. ಖಾಲಿ ಮೆಷಿನ್‌ನಲ್ಲಿ ಮೊದ್ಲು ಒಂದು ದಿನ ಓಡಿಸಿ ಇದನ್ನ ಮಾಡಿ, 42 ದಾಟೋ ತರ ಇದ್ರೆ ಇಡ್ಬೇಡಿ ಕೊಳವೆ ಒಡೆಯುತ್ತೆ, ಪಾದರಸ ಮೊಟ್ಟೆ ಮೇಲೆ ಚೆಲ್ಲಿದ್ರೆ ಅದು ಬೇರೆ ತಲೆನೋವು. ಡಿಸ್‌ಪ್ಲೇ 37.5 ತೋರಿಸ್ವಾಗ ಇದು 38.2 ತೋರಿಸಿದ್ರೆ ಇದನ್ನೇ ನಂಬಿ, ಆ ಸಣ್ಣ ಮೆಷಿನ್‌ಗಳ ಸೆನ್ಸರ್ ಅರ್ಧ ಮುಕ್ಕಾಲು ಡಿಗ್ರಿ ಆಚೀಚೆ ಇರೋದು ಮಾಮೂಲು, ಸೆಟ್ಟಿಂಗ್‌ನಲ್ಲಿ ಅಷ್ಟು ಕಮ್ಮಿ ಮಾಡ್ಕೊಂಡ್ರೆ ಆಯ್ತು.

ಮೆಷಿನ್ ಜಾಗ ಬದಲಾಯಿಸಿ. ಶೀಟ್ ರೂಮ್ ಬೇಡವೇ ಬೇಡ, ನಡುಮನೆ ಒಳಗೆ, ಹಗಲು ರಾತ್ರಿ ಹೆಚ್ಚು ವ್ಯತ್ಯಾಸ ಆಗದ ಕಡೆ, ಕಿಟಕಿ ಬಿಸಿಲು ಬೀಳದ ಕಡೆ ಇಡಿ. ನಿಜ ಹೇಳ್ಬೇಕಂದ್ರೆ ನಿಮ್ಮ ಕಡೆ ಮಾರ್ಚ್ ಏಪ್ರಿಲ್ ಮೇ ಮರಿ ಮಾಡ್ಸೋ ಕಾಲನೇ ಅಲ್ಲ, ಶ್ರಾವಣದಿಂದ ಶಿವರಾತ್ರಿವರೆಗೆ ಮಾಡಿ, ಮರಿಗೂ ಹಿತ ನಿಮಗೂ ಹಿತ.

ಇನ್ನು ನೀರು. ನೀವು ಮುಚ್ಚಳ ತೆಗೆದು ತೆಗೆದು ಮರಿ ಎತ್ತಿಟ್ರಲ್ಲ, ತೂತು ಹಾಕಿ ಸತ್ತ ಮರಿಗಳು ಅಲ್ಲೇ ಸಿಕ್ಕಿಹಾಕ್ಕೊಂಡಿದ್ದು. ಚಿಪ್ಪಿನ ಒಳಗೆ ಬಿಳಿ ಪೊರೆ ಇದೆಯಲ್ಲ, ಮರಿ ಕೊಕ್ಕಿನ ತುದಿ ಅಷ್ಟು ತೂತು ಮಾಡಿ ಸುಸ್ತಾಗಿ 12ರಿಂದ 24 ಗಂಟೆ ಹಾಗೇ ರೆಸ್ಟ್ ತಗೊಳ್ಳುತ್ತೆ, ಶ್ವಾಸ ಅಭ್ಯಾಸ ಮಾಡ್ಕೊಳ್ಳುತ್ತೆ, ಹೊಟ್ಟೆ ಹತ್ರ ಇರೋ ಹಳದೀನ ಒಳಗೆಳ್ಕೊಳ್ಳುತ್ತೆ, ಪೊರೆಯ ರಕ್ತ ವಾಪಸ್ ಎಳ್ಕೊಳ್ಳುತ್ತೆ, ಆಮೇಲೆ ಸುತ್ತ ತಿರುಗಿ ಟೋಪಿ ತರ ಚಿಪ್ಪು ಕತ್ತರಿಸಿ ಹೊರಗೆ ಬರುತ್ತೆ. ಈ ಹೊತ್ತಲ್ಲಿ ನೀವು ಮುಚ್ಚಳ ತೆಗೆದ್ರೆ ಒಳಗಿನ ತೇವ ಒಂದೇ ಸಲಕ್ಕೆ ಹಾರಿಹೋಗುತ್ತೆ, ಏಪ್ರಿಲ್ ಒಣಗಾಳಿ ಒಳಗೆ ನುಗ್ಗುತ್ತೆ, ತೂತಿನ ಸುತ್ತ ಪೊರೆ ಒಣಗಿ ಮರಿ ರೆಕ್ಕೆಗೆ ಅಂಟ್ಕೊಂಡು ಗಟ್ಟಿ ಆಗುತ್ತೆ. ಮರಿ ತಿರುಗೋಕೇ ಆಗಲ್ಲ. ಒಡೆದಾಗ ಪೊರೆ ಹಳದಿ ಬಣ್ಣಕ್ಕೆ ತಿರುಗಿ ಕಾಗದ ಆಗಿತ್ತಾ, ಪುಕ್ಕ ಅಂಟಿತ್ತಾ ನೆನಪು ಮಾಡ್ಕೊಳ್ಳಿ. ಹಾಗಿದ್ರೆ ಒಣಗಿ ಸತ್ತಿದ್ದು. ಅದ್ರ ಬದ್ಲು ಮರಿ ಊದ್ಕೊಂಡು ಒಳಗೆ ನೀರು ನೀರಾಗಿದ್ರೆ ತೇವ ಜಾಸ್ತಿ ಆಗಿ ಸತ್ತಿದ್ದು. ನಿಮ್ಮ ಊರು, ನಿಮ್ಮ ತಿಂಗಳು ನೋಡಿದ್ರೆ ನಾನು ಮೊದಲನೇದಕ್ಕೇ ಹೇಳ್ತೀನಿ.

ಹೊರಬಂದ ಮರೀನ ತಕ್ಷಣ ಎತ್ತೋ ಅವಸರ ಏನಿಲ್ಲ, ಅದು ಒಳಗೆಳ್ಕೊಂಡ ಹಳದಿ ಎರಡು ದಿನಕ್ಕೆ ಅದಕ್ಕೆ ಊಟ, ನೀರು ಕಾಳು ಏನೂ ಬೇಡ. ಅದ್ರಿಂದಾನೇ ಹ್ಯಾಚರಿಗಳಿಂದ ಒಂದು ದಿನದ ಮರೀನ ಬಾಕ್ಸಲ್ಲಿ ಹಾಕಿ ಬಸ್ಸಲ್ಲಿ ಕಳಿಸೋಕಾಗೋದು. ಮೊದಲನೇ ಮರಿ ಬಂದು ಕಿಚಿಕಿಚಿ ಅಂತ ಹಾರಾಡ್ತಾ ಇರ್ಲಿ, ಅದ್ರ ಸದ್ದಿಗೆ ಉಳಿದವೂ ಎಚ್ಚರ ಆಗ್ತವೆ. ದಿನಕ್ಕೆ ಒಂದೇ ಸಲ ತೆಗೆದು ಒಣಗಿದ್ದನ್ನೆಲ್ಲ ಒಟ್ಟಿಗೆ ತೆಗೆದು ಮುಚ್ಚಿಬಿಡಿ. ಚಿಪ್ಪು ಬಿಡಿಸಿ ಸಹಾಯ ಮಾಡೋಕೆ ಹೋಗ್ಬೇಡಿ, ರಕ್ತ ಇನ್ನೂ ಪೊರೇಲಿರುವಾಗ ಕಿತ್ತರೆ ರಕ್ತ ಸೋರಿ ಸಾಯುತ್ತೆ. ಇನ್ನೊಂದು, ಮೊಟ್ಟೆ ತಿರುಗಿಸೋ ಟ್ರೇನ 18ನೇ ದಿನ ಆಫ್ ಮಾಡಿದ್ರಾ? ನೀವು ಬರ್ದಿಲ್ಲ. 18ರವರೆಗೆ ದಿನಕ್ಕೆ ಕನಿಷ್ಠ ಮೂರು ಸಲ ತಿರುಗಬೇಕು, ಆಮೇಲೆ ನಿಲ್ಸಿ, ಟ್ರೇ ತೆಗೆದು ಕೆಳಗೆ ಒರಟು ಬಟ್ಟೆ ಅಥವಾ ರಬ್ಬರ್ ಮ್ಯಾಟ್ ಹಾಕಿ, ನುಣುಪು ಪ್ಲಾಸ್ಟಿಕ್ ಮೇಲೆ ಮರಿ ಕಾಲು ಜಾರಿ ಎರಡು ಕಡೆ ಹರಡಿಬಿಡುತ್ತೆ.

ತೇವದ ಅಂಕಿ ಎಲ್ಲಾ ಕಡೆ ಒಂದೇ ಹೇಳ್ತಾರೆ, ಮೊದಲ 18 ದಿನ 45-55 ಪರ್ಸೆಂಟ್, ಕೊನೆ ಮೂರು ದಿನ 65-70 ಅಂತ. ಅಂಕಿ ಸರೀನೇ, ಆದ್ರೆ ಅಲ್ಲಿಗೆ ತಲುಪೋಕೆ ಎಷ್ಟು ನೀರು ಹಾಕ್ಬೇಕು ಅನ್ನೋದು ಊರಿಂದ ಊರಿಗೆ ಬೇರೆ, ಇದನ್ನ ಮೆಷಿನ್ ಜೊತೆ ಬರೋ ಚೀಟಿಲಿ ಯಾರೂ ಬರೆಯಲ್ಲ. ಗಾಳಿ ಬಿಸಿಯಾದಷ್ಟೂ ಅದ್ರ ತೇವದ ಪರ್ಸೆಂಟ್ ಇಳಿಯುತ್ತೆ. ಮಂಗಳೂರಲ್ಲಿ ಜುಲೈ ಮಳೇಲಿ 25 ಡಿಗ್ರಿ, 90 ಪರ್ಸೆಂಟ್ ತೇವ ಇರೋ ಗಾಳಿ ಮೆಷಿನ್ ಒಳಗೆ ಹೋಗಿ 37.5 ಆದ್ರೆ ಅದೇ ಗಾಳಿ ಸುಮಾರು 44 ಪರ್ಸೆಂಟ್ ತೋರಿಸುತ್ತೆ, ಅಂದ್ರೆ ಅಲ್ಲಿ ಮಳೆಗಾಲದಲ್ಲಿ 18 ದಿನ ನೀರೇ ಹಾಕ್ದೆ ಹೆಚ್ಚುಕಮ್ಮಿ ನಡೆಸಬಹುದು. ನಿಮ್ಮ ಕಡೆ ಬೇಸಿಗೆ ಮಧ್ಯಾಹ್ನ 38 ಡಿಗ್ರಿ, 20 ಪರ್ಸೆಂಟ್ ಇದ್ರೆ ಒಳಗೂ ಅಷ್ಟೇ, 20. ತಮಾಷೆ ಅಂದ್ರೆ ಬೆಂಗಳೂರಿನ ಜನವರಿ, ಹೊರಗೆ 20 ಡಿಗ್ರಿ 60 ಪರ್ಸೆಂಟ್, ಮೈಗೆ ತಂಪು ತಂಪು, ಆ ಗಾಳಿನೂ ಮೆಷಿನ್ ಒಳಗೆ 22ಕ್ಕೆ ಇಳಿಯುತ್ತೆ. ಹೊರಗೆ ನಮಗೆ ಏನು ಅನ್ಸುತ್ತೋ ಅದನ್ನ ನಂಬೋ ಹಾಗಿಲ್ಲ.

ಮೀಟರ್‌ನೂ ನಂಬೋ ಹಾಗಿಲ್ಲ, ಆನ್‌ಲೈನಲ್ಲಿ ಸಿಗೋ ಸಣ್ಣ ಹೈಗ್ರೋಮೀಟರ್ (ತೇವ ಅಳೆಯೋ ಮೀಟರ್) ಹತ್ತು ಪರ್ಸೆಂಟ್ ತಪ್ಪು ತೋರಿಸಿದ್ರೆ ಆಶ್ಚರ್ಯ ಇಲ್ಲ. ಚೆಕ್ ಮಾಡೋದು ಸುಲಭ: ಬಾಟ್ಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ ನಾಲ್ಕು ಹನಿ ನೀರು ಹಾಕಿ, ಕರಗಬಾರ್ದು, ಒದ್ದೆ ಮರಳು ತರ ಆಗ್ಬೇಕು, ಅದನ್ನೂ ಮೀಟರನ್ನೂ ಒಂದೇ ಜಿಪ್ ಕವರ್‌ನಲ್ಲಿ ಹಾಕಿ ಮುಚ್ಚಿ ರಾತ್ರಿ ಇಡೀ ಇಡಿ. ಬೆಳಗ್ಗೆ 75 ತೋರಿಸ್ಬೇಕು. 66 ತೋರಿಸಿದ್ರೆ ನಿಮ್ಮ ಮೀಟರ್ 9 ಕಮ್ಮಿ ಹೇಳ್ತಿದೆ ಅಂತ ಬರೆದಿಟ್ಕೊಳ್ಳಿ.

ಇದ್ಯಾವುದೂ ಬೇಡ ಅಂದ್ರೆ ತಕ್ಕಡಿ ಇದೆ. ಮೊಟ್ಟೆ 18 ದಿನಕ್ಕೆ ತನ್ನ ತೂಕದಲ್ಲಿ ಸುಮಾರು 12 ಪರ್ಸೆಂಟ್ ಕಳ್ಕೋಬೇಕು, ಆಗ ದಪ್ಪ ತುದೀಲಿ ಮರಿಗೆ ಮೊದಲ ಉಸಿರು ತಗೊಳ್ಳೋಕೆ ಬೇಕಾದಷ್ಟು ಗಾಳಿ ಜಾಗ ಆಗಿರುತ್ತೆ. ನಾಟಿ ಮೊಟ್ಟೆ 45 ಗ್ರಾಂ ಅಂತಿಟ್ಕೊಳ್ಳಿ, 10 ಮೊಟ್ಟೆ 450 ಗ್ರಾಂ, 18ನೇ ದಿನ ಅವೇ 10 ಮೊಟ್ಟೆ 396ರ ಹತ್ರ ಬರ್ಬೇಕು. 7ನೇ ದಿನ ಟಾರ್ಚ್ ಹಿಡಿಯೋವಾಗ ತೂಗಿದ್ರೆ 429ರ ಹತ್ರ ಇರ್ಬೇಕು, 415 ಆಗಿದ್ರೆ ಒಣಗ್ತಿದೆ ನೀರು ಹೆಚ್ಚು ಮಾಡಿ, 440ರಲ್ಲೇ ನಿಂತಿದ್ರೆ ನೀರು ತೆಗೀರಿ. ನನಗೆ ಯಾವ ಮೀಟರ್‌ಗಿಂತ ಈ ತಕ್ಕಡಿ ಮೇಲೇ ನಂಬಿಕೆ.

ಈಗ ಅಜ್ಜಿ ಮಾತಿಗೆ ಬರೋಣ. ಅವ್ರು ಹೇಳಿದ್ದು ಸುಳ್ಳಲ್ಲ. ಕಾವಿಗೆ ಕೂತ ಹೇಟೆ ಎದೆ ಪುಕ್ಕ ಉದುರಿಸ್ಕೊಂಡು ಬರೀ ಚರ್ಮನ ಮೊಟ್ಟೆಗೆ ತಾಗಿಸಿ ಕೂರುತ್ತೆ, ಶಾಖ, ತೇವ, ತಿರುಗಿಸೋದು ಎಲ್ಲಾ ಅದೇ ನೋಡ್ಕೊಳ್ಳುತ್ತೆ, ಬಿಸಿ ಆದ್ರೆ ಎದ್ದು ನಿಲ್ಲುತ್ತೆ, ನಿಮ್ಮ ಮೆಷಿನ್‌ಗೆ ಬಾರದೇ ಇರೋ ಕೆಲ್ಸ ಅದೊಂದೇ. ಒಳ್ಳೆ ಹೇಟೆ ಆದ್ರೆ ಮೆಟ್ಟಿದ ಮೊಟ್ಟೆ ಹತ್ತಕ್ಕೆ ಎಂಟೊಂಬತ್ತು ಮರಿ ಮಾಡುತ್ತೆ. ಆದ್ರೆ ಅಜ್ಜಿಗೂ ಒಂದು ಮಾತು ಹೇಳಿ, ಆ ಸ್ಟೀಲ್ ಡಬ್ಬಿ ಮೊಟ್ಟೆನೇ ಹೇಟೆ ಕೆಳಗೆ ಇಟ್ಟಿದ್ರೂ ಆ 12 ಎದ್ದು ಬರ್ತಿರ್ಲಿಲ್ಲ. ಹೇಟೆ ಕೆಳಗೆ 40 ಹಿಡಿಯೋದೂ ಇಲ್ಲ, ನಾಟಿಗೆ 10-12, ಚಳಿಗಾಲದಲ್ಲಿ 8-10 ಸಾಕು, ಅಂಚಿನ ಮೊಟ್ಟೆ ಹೊರಗೆ ಕಾಣ್ತಿದ್ರೆ ಜಾಸ್ತಿ ಆಯ್ತು ಅಂತ.

ಹೇಟೆ ನಿಜವಾಗ್ಲೂ ಕಾವಿಗೆ ಬಂದಿದೆಯಾ ಅಂತ ಮೊದ್ಲು ಗ್ಯಾರಂಟಿ ಮಾಡ್ಕೊಳ್ಳಿ. ಕೈ ಹಾಕಿದ್ರೆ ಪುಕ್ಕ ಎಬ್ಬಿಸಿ ಕೊರ್ ಅನ್ನುತ್ತೆ, ಕುಕ್ಕುತ್ತೆ, ರಾತ್ರಿನೂ ಗೂಡು ಬಿಡಲ್ಲ. ಎರಡು ರಾತ್ರಿ ಅಂಗಡಿ ಮೊಟ್ಟೆ ಎರಡು ಕೆಳಗಿಟ್ಟು ನೋಡಿ, ಗಟ್ಟಿ ಕೂತಿದ್ರೆ ಆಮೇಲೆ ಒಳ್ಳೆ ಮೊಟ್ಟೆ ಇಡಿ, ಅದೂ ರಾತ್ರಿ ಹೊತ್ತಲ್ಲಿ. ಪುಟ್ಟಿಗೆ ಕೆಳಗೆ ಬೂದಿ ಕಲಸಿದ ಮರಳು, ಮೇಲೆ ಹುಲ್ಲು, ಒಂದು ಹಿಡಿ ಬೇವಿನ ಸೊಪ್ಪು ಹಾಕಿ. ಹೇಟೆ ಕಾವು ಬಿಟ್ಟು ಎದ್ದು ಹೋಗೋಕೆ ದೊಡ್ಡ ಕಾರಣ ಕೋಳಿ ಹೇನು, ರಾತ್ರಿ ಇಡೀ ಕಡಿಸ್ಕೊಂಡು ಯಾರು ತಾನೇ ಕೂರ್ತಾರೆ. ಇಟ್ಟ ಮೊಟ್ಟೆಗೆಲ್ಲ ಪೆನ್ಸಿಲ್‌ನಲ್ಲಿ ಗೀಟು ಹಾಕಿ, ಬೇರೆ ಹೇಟೆ ಬಂದು ಅದೇ ಗೂಡಲ್ಲಿ ಇಟ್ಟು ಹೋಗುತ್ತೆ, ಗೀಟು ಇಲ್ದಿರೋದನ್ನ ದಿನಾ ತೆಗೀರಿ, ಇಲ್ದಿದ್ರೆ 21ನೇ ದಿನ ಅರ್ಧ ಮರಿ ಅರ್ಧ ಹಸಿ ಮೊಟ್ಟೆ. ದಿನಕ್ಕೊಂದ್ಸಲ ಎದ್ದು 15-20 ನಿಮಿಷ ಕಾಳು ನೀರು ತಗೊಂಡು ಒಂದು ದೊಡ್ಡ ಗಬ್ಬು ಹಿಕ್ಕೆ ಹಾಕಿ ವಾಪಸ್ ಹೋಗುತ್ತೆ, ಏಳದೇ ಇದ್ರೆ ನೀವೇ ಎತ್ತಿ ಕೆಳಗೆ ಬಿಡಿ, ಜೋಳ ಇಲ್ಲ ರಾಗಿ ಪಕ್ಕದಲ್ಲೇ ಇಡಿ. ಗುಡುಗಿಗೆ ಮೊಟ್ಟೆ ಕೆಡುತ್ತೆ ಅಂತ ಪುಟ್ಟೀಲಿ ಕಬ್ಬಿಣದ ಚೂರು, ಇದ್ದಿಲು ಇಡ್ತಾರಲ್ಲ, ಇಡ್ಲಿ ಬಿಡಿ, ಅದ್ರಿಂದ ಕೆಡೋದೂ ಏನಿಲ್ಲ, ಅಜ್ಜಿ ಜೊತೆ ಅದಕ್ಕೆ ಜಗಳ ಬೇಡ. ಆದ್ರೆ ಕಾವು ಬಿಡ್ಸೋಕೆ ಹೇಟೆನ ನೀರಲ್ಲಿ ಮುಳುಗಿಸೋದು, ಮೂಗಿಗೆ ಪುಕ್ಕ ಚುಚ್ಚೋದು ಮಾತ್ರ ಬೇಡ, ತಳಕ್ಕೆ ಜಾಲರಿ ಇರೋ ಪಂಜರದಲ್ಲಿ ಹುಲ್ಲು ಹಾಕ್ದೆ ಮೂರ್ನಾಲ್ಕು ದಿನ ಇಟ್ರೆ ಹೊಟ್ಟೆಗೆ ಗಾಳಿ ಆಡಿ ತಾನಾಗೇ ಬಿಡುತ್ತೆ.

ಎಲ್ಲಾ ಜಾತಿನೂ ಕಾವಿಗೆ ಕೂರಲ್ಲ ಅನ್ನೋದು ನೆನಪಿರ್ಲಿ. ನಾಟಿ, ಅಸೀಲ್ ಚೆನ್ನಾಗಿ ಕೂರ್ತವೆ. ಕಡಕ್‌ನಾಥ್ ತಂದವ್ರು ಅದ್ರ ಮೊಟ್ಟೆನ ನಾಟಿ ಕೆಳಗೇ ಇಡ್ತಾರೆ. ಗಿರಿರಾಜ, ಸ್ವರ್ಣಧಾರದಂಥವನ್ನ ತೂಕಕ್ಕೂ ಮೊಟ್ಟೆಗೂ ಅಂತ ಮಾಡಿರೋದು, ಕಾವಿನ ಆಸೆ ಇಟ್ಕೋಬೇಡಿ, ಅವುಗಳ ಮೊಟ್ಟೆ ಇಟ್ಟು ಮರಿ ಮಾಡಿದ್ರೂ ಮುಂದಿನ ತಲೆಮಾರು ಒಂದೇ ಸಮ ಬರಲ್ಲ.

ನಿಮ್ಮ ಎರಡನೇ ಪ್ರಶ್ನೆ, ಮೆಷಿನ್ ಮರೀನ ಹೇಟೆ ಜೊತೆ ಬಿಡೋದು, ಅಲ್ಲೇ ಮಜಾ ಇರೋದು. ಮೆಷಿನ್ನಾ ಹೇಟೆನಾ ಅಂತ ಒಂದನ್ನೇ ಆರಿಸೋದು ಬೇಡ. ಹೇಟೆ ಕಾವಿಗೆ ಕೂತ ದಿನಾನೇ ಮೆಷಿನ್‌ನೂ ಶುರು ಮಾಡಿ, ಹೇಟೆ ಕೆಳಗೆ 10, ಮೆಷಿನ್‌ನಲ್ಲಿ ಉಳಿದಿದ್ದು. 7ನೇ ದಿನ ರಾತ್ರಿ ಎರಡೂ ಕಡೆ ಟಾರ್ಚ್ ಹಿಡಿದು ಖಾಲಿ ಮೊಟ್ಟೆ ತೆಗೆದು ಹೇಟೆ ಕೆಳಗೆ ಎಷ್ಟು ಜಾಗ ಆಯ್ತೋ ಅಷ್ಟನ್ನ ಮೆಷಿನ್‌ನ ಒಳ್ಳೆ ಮೊಟ್ಟೇಲಿ ತುಂಬ್ಸಿ. 21ಕ್ಕೆ ಎರಡೂ ಕಡೆ ಮರಿ ಬರುತ್ತೆ. ಮೆಷಿನ್ ಮರಿ ಒಣಗಿದ ಮೇಲೆ ಅವತ್ತೇ ರಾತ್ರಿ, ಕತ್ತಲಲ್ಲಿ, ಒಂದೊಂದಾಗಿ ಹೇಟೆ ರೆಕ್ಕೆ ಕೆಳಗೆ ಹಿಂದಿನಿಂದ ತಳ್ಳಿ, ಬೆಳಗ್ಗೆ ಎದ್ದು ಎಲ್ಲಾ ತನ್ನವೇ ಅಂದ್ಕೊಂಡು ಕರ್ಕೊಂಡು ಹೋಗುತ್ತೆ. ಬೆಳಗ್ಗೆ ಬೆಳಕು ಹರಿಯೋವಾಗ ಒಂದು ಗಂಟೆ ಅಲ್ಲೇ ಇರಿ, ಯಾವ್ದಾದ್ರೂ ಮರೀನ ಗುರಿ ಇಟ್ಟು ಕುಕ್ತಿದ್ರೆ ಅದನ್ನ ತೆಗೆದುಬಿಡಿ. ಒಂದು ದಿನ, ಹೆಚ್ಚಂದ್ರೆ ಎರಡು ದಿನದ ಒಳಗೆ ಆಗ್ಬೇಕು ಇದು. ನಾಲ್ಕೈದು ದಿನ ಬಲ್ಬ್ ಕೆಳಗೆ ಬೆಳೆದ ಮರಿಗೆ ಹೇಟೆ ಭಾಷೆ ಅರ್ಥ ಆಗಲ್ಲ, ಹದ್ದು ಬಂದಾಗ ಹೇಟೆ ಕೂಗಿದ್ರೆ ಹೇಟೆ ಮರಿ ಓಡಿ ರೆಕ್ಕೆ ಕೆಳಗೆ ಸೇರುತ್ತೆ, ಇವು ಅಂಗಳದ ಮಧ್ಯೆ ನಿಂತು ನೋಡ್ತಾ ಇರ್ತವೆ. ಒಂದು ಹೇಟೆ 15-20 ಮರಿ ಆರಾಮಾಗಿ ಸಾಕುತ್ತೆ, ಮೊಟ್ಟೆ ಅಷ್ಟು ಮುಚ್ಚೋಕಾಗಲ್ಲ ಅಷ್ಟೇ. ಬಲ್ಬ್ ಖರ್ಚೂ ಉಳೀತು, ಕರೆಂಟ್ ಭಯನೂ ಇಲ್ಲ.

ಹೇಟೆ ಸಿಗದಿದ್ರೆ ಬ್ರೂಡರ್ (ಬಲ್ಬ್ ಶಾಖದಲ್ಲಿ ಮರಿ ಸಾಕೋ ಗೂಡು) ಮಾಡ್ಲೇಬೇಕು, ಮೊದಲ ವಾರ ಮರಿ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ, ವಾರಕ್ಕೆ 3 ಡಿಗ್ರಿ ಇಳಿಸ್ತಾ ಹೋಗಿ. ಬಲ್ಬ್ ಕೆಳಗೆ ಗುಂಪು ಕಟ್ಟಿದ್ರೆ ಚಳಿ, ಮೂಲೆಗೆ ಓಡಿ ಬಾಯಿ ಬಿಡ್ತಿದ್ರೆ ಸೆಕೆ. ಕರೆಂಟ್ ಹೋದಾಗ ಮೆಷಿನ್ ಮುಚ್ಚಳ ತೆಗೀಬೇಡಿ, ಮೇಲೆ ಕಂಬಳಿ ಹೊದಿಸಿ, ಗಾಳಿ ತೂತು ಮಾತ್ರ ಮುಚ್ಬೇಡಿ. ಬೇಸಿಗೇಲಿ ಕಂಬಳಿನೂ ಬೇಡ.

ಲಸಿಕೆ ಮರೀಬೇಡಿ, 30 ಮರಿ ಮಾಡಿ ಕೊಕ್ಕರೆ ರೋಗಕ್ಕೆ (ರಾಣಿಖೇತ್) 30ನ್ನೂ ಕಳ್ಕೊಂಡವ್ರು ಬೇಕಾದಷ್ಟು ಜನ. 5ರಿಂದ 7ನೇ ದಿನದ ಒಳಗೆ ಲಸೋಟಾ ಅಥವಾ ಎಫ್-1 ಲಸಿಕೆ ಒಂದು ಹನಿ ಕಣ್ಣಿಗೆ ಅಥವಾ ಮೂಗಿಗೆ, ಸುಮಾರು 4 ವಾರಕ್ಕೆ ಮತ್ತೊಂದ್ಸಲ, 8 ವಾರ ದಾಟಿದ ಮೇಲೆ ಆರ್2ಬಿ ಇಂಜೆಕ್ಷನ್. ಒಂದು ಬಾಟ್ಲಿ ನೂರು ಇನ್ನೂರು ಮರಿಗೆ ಆಗೋಷ್ಟು ಇರುತ್ತೆ, ಕಲಸಿದ ಮೇಲೆ ಎರಡು ಗಂಟೆ ಒಳಗೆ ಮುಗಿಸ್ಬೇಕು, ಅದಕ್ಕೆ ಅಕ್ಕಪಕ್ಕದ ನಾಲ್ಕು ಮನೆ ಸೇರ್ಕೊಂಡು ಪಶು ಆಸ್ಪತ್ರೆಯವ್ರನ್ನ ಕೇಳಿ, ಐಸ್ ಹಾಕಿದ ಫ್ಲಾಸ್ಕ್ ತಗೊಂಡು ಹೋಗಿ.

ಕೊನೇದು ಚೂಪು ಮೊಟ್ಟೆ ಹುಂಜದ ಕಥೆ. ಇಲ್ಲ, ಆಕಾರಕ್ಕೂ ಗಂಡು ಹೆಣ್ಣಿಗೂ ಸಂಬಂಧ ಇಲ್ಲ, ಒಂದೊಂದು ಹೇಟೆ ತನ್ನ ಜೀವಮಾನ ಇಡೀ ಚೂಪು ಮೊಟ್ಟೆನೇ ಇಡುತ್ತೆ, ಅದಕ್ಕೆ ಹೆಣ್ಣು ಮರಿನೇ ಆಗಲ್ವಾ? ಕೋಳೀಲಿ ಗಂಡೋ ಹೆಣ್ಣೋ ನಿರ್ಧಾರ ಆಗೋದು ಹೇಟೆ ಕಡೆಯಿಂದ, ಅದೂ ಚಿಪ್ಪು ಕಟ್ಟೋಕೆ ಮುಂಚೆನೇ. ಮೆಷಿನ್ ಶಾಖ ಒಂಚೂರು ಜಾಸ್ತಿ ಮಾಡಿದ್ರೆ ಹೇಟೆ ಜಾಸ್ತಿ ಬರುತ್ತೆ ಅಂತ ವೀಡಿಯೋ ನೋಡಿದ್ರೆ ಅದನ್ನೂ ನಂಬ್ಬೇಡಿ, ಮರಿ ಕಮ್ಮಿ ಬರುತ್ತೆ ಅಷ್ಟೇ. ಶ್ರಾವಣದಲ್ಲಿ 15 ಮೊಟ್ಟೆ ಇಟ್ಟು ನೋಡಿ, 7ನೇ ದಿನದ ತೂಕ ಮತ್ತೆ ಟಾರ್ಚ್ ಲೆಕ್ಕ ಬರೆದು ಕಳ್ಸಿ.